ನಿಮ್ಮ ಸೊಂಟದ ಕೆಂಪು ಗೆರೆ

ಘತ್ತರಗಿ, ತಾಲೂಕು ಅಫಜಲಪುರ
ಡಿಸೆಂಬರ್ ೧೨, ಗುರುವಾರ ಮಧ್ಯಾಹ್ನ

ನನ್ನ ಪ್ರಾಣದ ಫೌಜಿ ಸಾಹೇಬರೇ,

ಹೇಗಿದ್ದೀರಿ? ಕೈಬೆರಳು ಮರಗಟ್ಟುವುದು ಕಡಿಮೆಯಾಯಿತೇ? ನಾನು ಹೆಣೆದು ಕೊಟ್ಟ ಆ ಸೊಟ್ಟ ಮಫ್ಲರ್ ಕೊರಳಿಗೆ ಸುತ್ತಿಕೊಳ್ಳುತ್ತೀರೋ, ಇಲ್ಲ ಗೆಳೆಯರು ನಗುತ್ತಾರೆಂದು ಚೀಲದ ತಳದಲ್ಲಿ ಅಡಗಿಸಿದ್ದೀರೋ? ನಿದ್ದೆ ಬರುತ್ತದೆಯೇ? ಕಳೆದ ಭಾನುವಾರ ಫೋನಿನಲ್ಲಿ ಎರಡು ಮಾತಿಗೊಮ್ಮೆ ಕೆಮ್ಮುತ್ತಿದ್ದಿರಿ. ಮೇಲಿನ ಚೌಕಿಗೆ ಹೋದ ಹೊಸದರಲ್ಲಿ ತಲೆ ಸಿಡಿಯುತ್ತಿತ್ತು, ಡಾಕ್ಟರ್ ಗುಳಿಗೆ ಕೊಟ್ಟರು, ಈಗ ಎಷ್ಟು ಆರಾಮವೆಂದರೆ ಹಸಿವೆಯೇ ತಡೆಯುವುದಿಲ್ಲ ಎಂದು ನಕ್ಕಿರಿ. ನಾನೂ ನಕ್ಕೆ. ಮರುದಿನದಿಂದ ಆ ನಗುವನ್ನು ನೆನೆದರೇ ಭಯ. ಈ ಪತ್ರ ಬರೆಯುತ್ತಿರುವುದು ಆ ಕೆಮ್ಮಿಗಾಗಿ, ಆ ಗುಳಿಗೆಗಾಗಿ. ನಾನು ಮಾತಿನ ಮಲ್ಲಿ, ನಡುವೆ ಹತ್ತು ಕಡೆ ಅಡ್ಡಾಡಿ ಬರುತ್ತೇನೆ. ನೀವು ಮಾತ್ರ ಕೊನೆಯತನಕ ಓದಬೇಕು. ನಿಮ್ಮ ರೂಢಿಯಂತೆ ಮೊದಲ ಪುಟ ಓದಿ ಎದೆಯ ಮೇಲೆ ಇಟ್ಟುಕೊಂಡು ಮಲಗಬೇಡಿ.

ನನ್ನ ಕನ್ನಡಕ್ಕೆ ನಗಬೇಡಿ. ಜೇವರ್ಗಿಯಿಂದ ದಿನಾ ಬಸ್ಸು ಹತ್ತಿ ಕಲಬುರಗಿಯ ಇಂಗ್ಲಿಷ್ ಮೀಡಿಯಂ ಶಾಲೆಗೆ ಹೋದವಳು ನಾನು. ಕನ್ನಡದ ಪತ್ರವನ್ನು ಪರೀಕ್ಷೆಯಲ್ಲಿ ಮುಖ್ಯೋಪಾಧ್ಯಾಯರಿಗೆ ರಜೆ ಕೇಳಿ ಬರೆದದ್ದು ಬಿಟ್ಟರೆ ಇದೇ ಮೊದಲು. ಮೊದಲ ಪ್ರೇಮಪತ್ರ ಎನ್ನೋಣವೆಂದರೆ ಅತ್ತಿ ಪಕ್ಕದಲ್ಲೇ ಕಂಬಕ್ಕೆ ಒರಗಿ ಕೂತಿದ್ದಾರೆ. ಬರೆದು ಮುಗಿದ ಮೇಲೆ ಪೂರ್ತಿ ಓದಿ ಹೇಳಬೇಕೆಂದು ಹುಕುಂ ಆಗಿದೆ. ಹೀಗಾಗಿ ಮುತ್ತುಗಳನ್ನು ಸಾಲುಗಳ ನಡುವಿನ ಖಾಲಿ ಜಾಗದಲ್ಲಿ ಇಟ್ಟಿದ್ದೇನೆ, ಹುಡುಕಿಕೊಳ್ಳಿ. "ಅವ್ನ ಜೀವಕ್ಕ ಹಗುರಾಗೋದು ಬರೀ ಬೇ, ಭಾರ ಮಾಡ್ಬ್ಯಾಡ" ಎಂದು ಬೆಳಗಿನಿಂದ ಹೇಳುತ್ತಲೇ ಇದ್ದಾರೆ. ಪತ್ರವನ್ನು ಲಾಲಸಾಬ ಕಾಕಾ ತಮ್ಮ ಗಾಡಿಯಲ್ಲಿ ಜೇವರ್ಗಿಗೆ ಒಯ್ಯುತ್ತಾರೆ. ಅಲ್ಲಿ ನಮ್ಮ ಅಪ್ಪನ ಓಣಿಯ ಶಿವಪ್ರಕಾಶ, ನಿಮ್ಮ ದಳದವರೇ, ರಜೆ ಮುಗಿಸಿ ಇಂದು ಸಂಜೆ ಹೊರಡುತ್ತಾರಂತೆ. ಕೆಳಗಿನ ಕ್ಯಾಂಪಿನವರೆಗೆ ಅವರ ಕೈ. ಅಲ್ಲಿಂದ ಮೇಲೆ ಹೆಲಿಕಾಪ್ಟರು ಹಾರಿದ ದಿನ ನಿಮ್ಮ ಕೈ. ಜಗತ್ತಿನಲ್ಲಿ ಎಲ್ಲರೂ ಎಲ್ಲರಿಗೂ ಕ್ಷಣದಲ್ಲಿ ಸಂದೇಶ ಕಳಿಸುತ್ತಾರೆ, ನನ್ನ ಗಂಡನಿಗೆ ಮಾತ್ರ ಕಾಳಿದಾಸನ ಕಾಲದಂತೆ ಮೋಡ ಸರಿಯಬೇಕು.

ನಮ್ಮ ಮದುವೆಯ ಆಲ್ಬಂ ಬಂತು! ಎಷ್ಟು ದೊಡ್ಡದೆಂದರೆ ತೊಡೆಯ ಮೇಲೆ ಇಟ್ಟುಕೊಂಡರೆ ಕಾಲು ಜೋಮು ಹಿಡಿಯುತ್ತದೆ. ನೀವು ಪ್ರತಿ ಫೋಟೋದಲ್ಲೂ ಪರೇಡಿಗೆ ನಿಂತಂತೆ ನಿಂತಿದ್ದೀರಿ, ನಾನು ಪ್ರತಿಯೊಂದರಲ್ಲೂ ಹಲ್ಲು ಬಿಟ್ಟಿದ್ದೇನೆ. ಆಳಂದದ ದೊಡ್ಡ ಸೋದರತ್ತಿ ನೋಡಿ, "ಇವ್ಳಿಗಿ ನಾಚಿಕಿ ಅನ್ನೋದು ಹಂಚೋ ಮುಂದ ಮನ್ಯಾಗ ಇರ್ಲಿಲ್ಲ" ಎಂದರು. ಅವರು ಇಲ್ಲೇ ಇದ್ದಾರೆ, ಈ ವಾರ ಮನೆ ತುಂಬ ಜನ. ನನ್ನ ರೊಟ್ಟಿ ಈಗ ಅಂಚು ಹರಿಯದಂತೆ ಬರುತ್ತದೆ, ಆದರೆ ಎರಡು ದಿನದಿಂದ ಒಲೆಯ ಮುಂದೆ ಕೂಡುವ ಕೆಲಸವೇ ಇಲ್ಲ. ಲಾಲಸಾಬ ಕಾಕಾ ಅವರ ಮನೆಯಿಂದ, ಅತ್ತ ಮೇಲೋಣಿಯಿಂದ ಬುಟ್ಟಿ ತುಂಬ ರೊಟ್ಟಿ, ಪಲ್ಯ ತಾವಾಗಿ ಬರುತ್ತಿವೆ. ಆಲ್ಬಮ್ಮಿನಲ್ಲಿ ನಾನು ಮತ್ತೆ ಮತ್ತೆ ತೆರೆದು ನೋಡುವುದು ನಿಮ್ಮದಲ್ಲ, ಮಾವನ ಫೋಟೋ. ಅಕ್ಕಿಕಾಳು ಹಾಕುವ ಹೊತ್ತಿನದು. ಕೆನ್ನೆ ಎರಡೂ ಹೋಳಿಗೆಯಂತೆ ಉಬ್ಬಿವೆ, ಮುಖ ದುಂಡಗೆ ಹುಣ್ಣಿಮೆಯಾಗಿದೆ. ನೆನಪಿದೆಯೇ, ಅಂದು ಎಲ್ಲರೂ ಏನು ಹೇಳುತ್ತಿದ್ದರು? "ಮಲ್ಕಪ್ಪನ ಮಾರಿಗಿ ಮಗನ ಮದ್ವಿ ಕಳಿ ಬಂದದ" ಎಂದು. ಅದು ಮದುವೆಯ ಕಳೆಯಲ್ಲ ಎಂದು ಈಗ ತಿಳಿಯಿತು. ಅದು ಔಷಧದ ಊತ.

ನಿಮ್ಮಿಂದ ಒಂದು ಮಾತು ಮುಚ್ಚಿಟ್ಟಿದ್ದೆವು. ನವೆಂಬರಿನ ಕೊನೆಯಿಂದ ಮಾವ ಕಲಬುರಗಿಯ ದವಾಖಾನೆಯಲ್ಲಿದ್ದರು. ಭಾನುವಾರ ನೀವು "ಅಪ್ಪ ಎಲ್ಲಿ?" ಎಂದು ಕೇಳಿದಾಗ "ಹೊಲಕ್ಕ ಹೋಗ್ಯಾರ್ರಿ" ಎಂದು ನಾನು ಹೇಳಿದ್ದು ದವಾಖಾನೆಯ ಮೆಟ್ಟಿಲ ಮೇಲೆ ನಿಂತು. ಅತ್ತಿ ನನ್ನ ಮುಂಗೈ ಬಿಗಿಯಾಗಿ ಹಿಡಿದಿದ್ದರು, ಬಳೆಯ ಗುರುತು ಮೂಡುವಷ್ಟು. ಈಗ ಪರವಾಗಿಲ್ಲ. (ಅತ್ತಿ ಇದನ್ನು ದೊಡ್ಡ ಅಕ್ಷರದಲ್ಲಿ ಬರೆ ಎನ್ನುತ್ತಾರೆ: ಈಗ ಪರವಾಗಿಲ್ಲ.) ಆದರೆ ಏನಾಯಿತು, ಯಾಕಾಯಿತು ಎಂಬುದನ್ನು ಬರೆಯಲು ಹಟ ಮಾಡಿ ಒಪ್ಪಿಗೆ ಪಡೆದಿದ್ದೇನೆ. ಯಾಕೆಂದರೆ ಅದು ಮಾವನೊಬ್ಬರ ಕಥೆಯಲ್ಲ.

ಮಾವನ ದಮ್ಮು ನಿಮಗೆ ಹೊಸದಲ್ಲ. ಮಳೆಗಾಲ ಬಂತೆಂದರೆ ಎದೆಯಲ್ಲಿ ಪೀಪಿ ಊದಿದ ಸದ್ದು. ಮಗನ ಮದುವೆಯಲ್ಲಿ ಕೆಮ್ಮುತ್ತ ಮೂಲೆ ಹಿಡಿದು ಕೂಡಬಾರದೆಂದು, ಮದುವೆಗೆ ಮೊದಲು ಆಳಂದಕ್ಕೆ ಹೋಗಿ, ವಾರಕ್ಕೊಮ್ಮೆ ಅಲ್ಲಿ ಬಂದು ಕೂಡುವ ಯಾರೋ ಒಬ್ಬನಿಂದ ದಮ್ಮಿನ ಪುಡಿ ತಂದರಂತೆ. ಕಾಗದದ ಸಣ್ಣ ಪೊಟ್ಟಣ, ಹೆಸರಿಲ್ಲ, ಊರಿಲ್ಲ. ಮೂರು ದಿನಕ್ಕೆ ದಮ್ಮು ಮಾಯ. ಮಂಟಪದಲ್ಲಿ ಓಡಾಡಿದರು, ನಿಮ್ಮ ಗೆಳೆಯರ ಜೊತೆ ಕುಣಿದರು, ಮೂರು ಪಂಕ್ತಿಯಲ್ಲಿ ಊಟ ಮಾಡಿದರು. ಹಸಿವೆ ತಡೆಯುವುದಿಲ್ಲ ಎಂದು ಅವರೂ ನಗುತ್ತಿದ್ದರು, ನಿಮ್ಮ ಹಾಗೆಯೇ. ಆಮೇಲೆ ಆ ಪುಡಿ ಬಿಡಲೇ ಇಲ್ಲ. ಬಿಟ್ಟರೆ ಮೈ ಬೀಳುತ್ತಿತ್ತು, ತೆಗೆದುಕೊಂಡರೆ ಹುರುಪು. ನೀವು ಹೋದ ಮೇಲೆ ಶ್ರಾವಣದಲ್ಲಿ ಸಜ್ಜೆ ಕಾಯಲು ಹೊಲದ ನಡುವೆ ಕಟ್ಟಿದ ಮಂಚಿಗೆಯನ್ನು ಅವರೇ ಏರಿದರು. ನಾನು ಬುತ್ತಿ ಒಯ್ಯುತ್ತಿದ್ದೆ. ಅಯ್ಯೋ, ಆ ದಿನಗಳು ಎಷ್ಟು ಚೆನ್ನಾಗಿದ್ದವು ಗೊತ್ತೇ! ಕವಣೆ ಬೀಸಿ ಬೀಸಿ ಕಲ್ಲು ಒಗೆಯುತ್ತಿದ್ದರು, ಹಕ್ಕಿಗಳು ಬುರ್ರನೆ ಎದ್ದು ಮತ್ತೊಂದು ಕಡೆ ಕೂಡುತ್ತಿದ್ದವು. "ಒಂದಾದ್ರೂ ಹಕ್ಕಿಗಿ ಬಡೀತೇನ್ರಿ ಮಾವಾ?" ಎಂದು ಕೇಳಿದ್ದೆ. "ಬಡ್ಯಾಕಲ್ಲ ಯವ್ವಾ, ಅವು ಕೂಡಬಾರ್ದು ಅಷ್ಟ. ಹಾರಿಸ್ಕೋತ ಇರಬೇಕು. ನಾಕ್ ಕಾಳು ಅವ್ಕ, ಉಳಿದಿದ್ದು ನಮಗ. ಮ್ಯಾಲ ಕುಂತಾವ ಮಕ್ಕೊಂಡ್ರ ಮಾತ್ರ ಮುಗೀತು" ಎಂದರು. ಆ ಮಾತನ್ನು ಮರೆಯಬೇಡಿ, ಅದಕ್ಕೆ ಮತ್ತೆ ಬರುತ್ತೇನೆ.

ದೀಪಾವಳಿ ಮುಗಿದ ಮೇಲೆ ಹೊಟ್ಟೆ ಉಬ್ಬರಿಸಿತು, ವಾಂತಿ, ಮತ್ತೆ ಕೆಮ್ಮು. ಪುಡಿ ಹೆಚ್ಚು ಮಾಡಿದರು. ಕೆಮ್ಮಿನಲ್ಲಿ ರಕ್ತ ಕಂಡ ದಿನ ಲಾಲಸಾಬ ಕಾಕಾ ಗಾಡಿಯಲ್ಲಿ ಹಾಕಿಕೊಂಡು ಕಲಬುರಗಿಗೆ ಓಡಿಸಿದರು. ಹೊಕ್ಕುಳ ಸುತ್ತ ಯಾರೋ ಹೆಬ್ಬೆರಳು ಒತ್ತಿದಂತೆ ನೀಲಿ ಕಲೆಗಳು ಎದ್ದಿದ್ದವು. ಮೊದಲ ದಿನ ಟಿಬಿ ಎಂದರು, ನಂತರ ನಂಜು ಎಂದರು. ಮೂರನೆಯ ದಿನ ನೀತಾ ಡಾಕ್ಟರ್ ಎಂಬ ಒಬ್ಬರು ಮಾವನ ಕಫವನ್ನು ತಾವೇ ಸೂಕ್ಷ್ಮದರ್ಶಕದಲ್ಲಿ ನೋಡಿ, ನನ್ನನ್ನು ಕರೆದು ತೋರಿಸಿದರು. ಅದರಲ್ಲಿ ಹುಳ ಹೊರಳುತ್ತಿತ್ತು ರೀ. ಎಳೆಯ, ಪಾರದರ್ಶಕ, ಎಷ್ಟೋ ಹುಳ. ಹೊಟ್ಟೆಯ ಹುಳ ಎದೆಯ ಕಫದಲ್ಲಿ.

ಅತ್ತಿಗೆ ಹೇಳುವುದಕ್ಕಾಗಿ ನಾನು ಅವರಿಂದ ಎರಡೆರಡು ಸಲ ಹೇಳಿಸಿಕೊಂಡೆ, ಹೀಗಾಗಿ ನಿಮಗೂ ಸರಿಯಾಗಿ ಹೇಳಬಲ್ಲೆ. ಕೂದಲಿಗಿಂತ ಸಣ್ಣದಾದ ಈ ಹುಳದ ಮರಿ ಹಸಿ ಮಣ್ಣಿನಲ್ಲಿ ಇರುತ್ತದೆ, ಜನ ಚರಿಗಿ ಹಿಡಿದು ಬಯಲಿಗೆ ಹೋಗುವ ಕಡೆ. ನಮ್ಮ ಹೊಳೆದಂಡೆಯ ಹೊಲ ಅಂಥದ್ದೇ ತಾನೇ. ಅದು ಬಾಯಿಂದ ಬರುವುದಿಲ್ಲ, ಬರಿಗಾಲಿನ ಚರ್ಮ ತೂರಿ ಬರುತ್ತದೆ. ರಕ್ತದಲ್ಲಿ ಹರಿದು ಪುಪ್ಪುಸಕ್ಕೆ, ಅಲ್ಲಿಂದ ಗಂಟಲಿಗೆ, ನುಂಗಿದಾಗ ಕರುಳಿಗೆ. ಬೇರೆ ಹುಳಗಳ ಮೊಟ್ಟೆ ಹೊರಗೆ ಹೋಗಿಬಿಡುತ್ತವೆ. ಇದರ ಮರಿಗಳಲ್ಲಿ ಕೆಲವು ಹೊರಗೆ ಹೋಗುವುದೇ ಇಲ್ಲ. ಕರುಳಿನಿಂದಲೋ, ಹಿಂಭಾಗದ ಚರ್ಮದಿಂದಲೋ ಮತ್ತೆ ಅದೇ ಮೈಯೊಳಗೆ ತೂರಿ ಹೊಸ ಸುತ್ತು ಶುರುಮಾಡುತ್ತವೆ. ಹೀಗಾಗಿ ಒಮ್ಮೆ ಹೊಕ್ಕರೆ ಮೂವತ್ತು, ನಲವತ್ತು ವರ್ಷ ಅಲ್ಲೇ ಸಂಸಾರ. ಶಾಲೆಯಲ್ಲಿ ಕೊಡುವ ಜಂತುಹುಳದ ಬಿಳಿ ಗುಳಿಗೆಗೆ ಇದು ಸಾಮಾನ್ಯವಾಗಿ ಬಗ್ಗುವುದಿಲ್ಲವಂತೆ. (ನೀವು "ನಾ ಸಾಲ್ಯಾಗ ಗುಳಗಿ ತಿಂದೀನಿ" ಎನ್ನುತ್ತೀರೆಂದು ಮೊದಲೇ ಬರೆದೆ.)

ಹಾಗಾದರೆ ಇಷ್ಟು ವರ್ಷ ಮಾವನನ್ನು ಕಾಪಾಡಿದ್ದು ಯಾರು ಎಂದು ಕೇಳಿದೆ. "ಅವರ ಮೈನೇ" ಎಂದರು ನೀತಾ ಡಾಕ್ಟರ್. ಕರುಳಿನ ಗೋಡೆ ಸುಮ್ಮನೆ ಇರುವುದಿಲ್ಲವಂತೆ. ಹುಳ ಅಂಟಿದ ಕಡೆ ಲೋಳೆ ಸುರಿಸಿ ಜಾರಿಸುತ್ತದೆ, ತನ್ನ ಮೇಲ್ಪದರನ್ನೇ ಉದುರಿಸಿ ಹೊಸದು ಹುಟ್ಟಿಸುತ್ತದೆ, ಹಿಂಡಿ ಹಿಂಡಿ ಕೆಳಗೆ ತಳ್ಳುತ್ತದೆ. ರಕ್ತದಲ್ಲಿ ಹುಳದ ಮೇಲೇ ಮುಗಿಬೀಳುವ ಒಂದು ಜಾತಿಯ ಬಿಳಿಕಣಗಳಿವೆ. ಮೈಯೊಳಗೆ ತಿರುಗಾಡುವ ಮರಿಗಳನ್ನು ಅವು ಮುತ್ತಿಕೊಂಡು ಕೊಲ್ಲುತ್ತವೆ. ಎಲ್ಲವನ್ನೂ ಕೊಲ್ಲಲು ಆಗುವುದಿಲ್ಲ, ಆದರೆ ಹೆಚ್ಚಲು ಬಿಡುವುದಿಲ್ಲ. ಕೇಳುತ್ತಿದ್ದಂತೆ ನನಗೆ ಮಂಚಿಗೆಯ ಮೇಲಿನ ಮಾವ ಕಂಡರು. ಹಕ್ಕಿ ಸಾಯಬೇಕಿಲ್ಲ, ಕೂಡಬಾರದು ಅಷ್ಟೆ. ಒಳಗೊಬ್ಬ ಮಲ್ಕಪ್ಪ ಮೂವತ್ತು ವರ್ಷ ನಿದ್ದೆಯಿಲ್ಲದೆ ಕವಣೆ ಬೀಸುತ್ತಿದ್ದ. ಎದೆಯಲ್ಲಿ ಪೀಪಿ ಊದಿದಂತೆ ಕೇಳುತ್ತಿದ್ದ ಆ ದಮ್ಮು ಬಹುಶಃ ಅವನು ಹಕ್ಕಿ ಓಡಿಸುವ ಗದ್ದಲ. ಪುಡಿಯಲ್ಲಿ ಇದ್ದದ್ದು ಸ್ಟಿರಾಯ್ಡು. ಅದು ಆ ಕಾವಲುಗಾರನನ್ನು ಮಲಗಿಸಿತು. ಗದ್ದಲ ನಿಂತಿತು, ದಮ್ಮು ಹೋಯಿತು ಎಂದು ನಾವೆಲ್ಲ ಖುಷಿಪಟ್ಟು ಹೋಳಿಗೆ ಬಡಿಸಿದೆವು. ಆ ಹೊತ್ತಿಗೆ ಹೊಲ ತುಂಬ ಹಕ್ಕಿ.

ಆಮೇಲಿನದು ಕೇಳಿ, ನಗು ಬರುತ್ತದೆ. ಇದಕ್ಕೊಂದು ಬೇರೆ ಗುಳಿಗೆ ಇದೆ. ಮೊದಲೇ ಗೊತ್ತಾಗಿದ್ದರೆ ಒಂದೆರಡು ದಿನ ನುಂಗಿದರೆ ಮುಗಿಯಿತು, ಅಷ್ಟು ಸುಲಭ. ಆದರೆ ಮಾವನ ಕರುಳು ಕೆಲಸ ನಿಲ್ಲಿಸಿತ್ತು, ನಳಿಗೆಯಿಂದ ಹಾಕಿದ ಗುಳಿಗೆ ಮೈಗೆ ಹತ್ತಲಿಲ್ಲ. ಸೂಜಿಯಲ್ಲಿ ಆ ಔಷಧ ಮನುಷ್ಯರಿಗೆ ಸಿಗುವುದಿಲ್ಲ, ದನಗಳಿಗೆ ಮಾತ್ರ ಸಿಗುತ್ತದೆ. ನೀತಾ ಡಾಕ್ಟರ್ ದೊಡ್ಡ ಡಾಕ್ಟರುಗಳನ್ನೆಲ್ಲ ಕೇಳಿ, ನಮ್ಮ ಸಹಿ ತೆಗೆದುಕೊಂಡು, ದನದ ಔಷಧದ ಅಂಗಡಿಯಿಂದ ಅದನ್ನು ತರಿಸಿದರು. ನಮ್ಮ ಎತ್ತುಗಳಿಗೆ ಉಣ್ಣಿ ಹತ್ತಿದಾಗ ಮಾವ ತಾವೇ ನಿಂತು ಹಾಕಿಸುತ್ತಿದ್ದ ಅದೇ ಬಾಟಲಿ! ಅತ್ತಿ ಅದನ್ನು ನೋಡಿದ ತಕ್ಷಣ ಗುರುತು ಹಿಡಿದರು. "ಎತ್ತಿನಂಗ ದುಡದ, ಈಗ ಎತ್ತಿನ ಸೂಜಿನೇ ಬಂತ ನೋಡು" ಎಂದು ನಕ್ಕರು, ಡಾಕ್ಟರೂ ನಕ್ಕರು. ನಾವು ಮೂವರೂ ಆ ವಾರ್ಡಿನ ಬಾಗಿಲಲ್ಲಿ ಸೆರಗು ಬಾಯಿಗೆ ಹಿಡಿದು ಎಷ್ಟು ನಕ್ಕೆವೆಂದರೆ ಅಳು ಯಾವಾಗ ಶುರುವಾಯಿತೋ ತಿಳಿಯಲಿಲ್ಲ. ಇರಲಿ. ಈಗ ಪರವಾಗಿಲ್ಲ.

ಈಗ ನಿಮ್ಮ ಮಾತು. ಸೋಮವಾರ ನಾನು ಸುಮ್ಮನೆ ಹರಟೆಗೆಂಬಂತೆ ಡಾಕ್ಟರಿಗೆ ನಿಮ್ಮ ರೈಲುಗಾಡಿಯ ಕಥೆ ಹೇಳಿದೆ. ಮದುವೆಯಾದ ಹೊಸದರಲ್ಲಿ ನಿಮ್ಮ ಸೊಂಟದ ಮೇಲೆ ಒಂದು ಕೆಂಪು ಗೆರೆ ಎದ್ದಿತ್ತಲ್ಲ, ತುರಿಸಿಕೊಂಡು ತುರಿಸಿಕೊಂಡು ಬೈಯುತ್ತಿದ್ದಿರಿ. ನಾನು ಅದರ ತುದಿಗೆ ಬಾಲ್‌ಪೆನ್ನಿನಿಂದ ಚುಕ್ಕೆ ಇಟ್ಟು "ಇದು ಜೇವರ್ಗಿ ಸ್ಟೇಷನ್" ಎಂದಿದ್ದೆ. ಊಟ ಮಾಡಿ ಬಂದು ನೋಡಿದರೆ ಗೆರೆ ಚುಕ್ಕೆ ದಾಟಿ ನಾಲ್ಕು ಬೆರಳು ಮುಂದೆ ಹೋಗಿತ್ತು! ಮತ್ತೊಂದು ಚುಕ್ಕೆ ಇಟ್ಟು ಅಫಜಲಪುರ ಎಂದೆ, ಮಲಗುವ ಹೊತ್ತಿಗೆ ಆಳಂದದ ಕಡೆ ತಿರುಗಿತ್ತು, ಬೆಳಗ್ಗೆ ರೈಲೂ ಇಲ್ಲ, ಹಳಿಯೂ ಇಲ್ಲ. ನಾವಿಬ್ಬರೂ ಹಾಸಿಗೆಯಲ್ಲಿ ಹೊರಳಾಡಿ ನಕ್ಕಿದ್ದೆವು. (ಇದನ್ನು ಓದುವಾಗ ಅತ್ತಿ ಮುಂದೆ ನನ್ನ ಮಾನ ಹೋಗುತ್ತದೆ, ಹೋಗಲಿ.) ನಾನು ನಗುತ್ತ ಹೇಳುತ್ತಿದ್ದೆ; ಡಾಕ್ಟರ್ ಪೆನ್ನು ಕೆಳಗಿಟ್ಟರು. "ಅದು ಹುಳದ ಮರಿ ಚರ್ಮದೊಳಗೆ ನಡೆದ ದಾರಿ. ಅಷ್ಟು ಜೋರಾಗಿ ಓಡೋದು ಇದೊಂದೇ" ಎಂದರು. ಆಮೇಲೆ ನೀವು ಎಲ್ಲಿದ್ದೀರಿ ಎಂದು ಕೇಳಿದರು. ಎಷ್ಟು ಎತ್ತರ ಎಂದು ಕೇಳಿದರು. ತಲೆನೋವಿಗೆ ಗುಳಿಗೆ ಕೊಟ್ಟರೇ, ಹಸಿವೆ ಹೆಚ್ಚಾಗಿದೆಯೇ, ಕೆಮ್ಮು ಇದೆಯೇ ಎಂದು ಒಂದೊಂದಾಗಿ ಕೇಳಿದರು. ನಾನು ಒಂದೊಂದಕ್ಕೂ ಹೌದು ಎಂದೆ.

ಎತ್ತರದ ಜಾಗದಲ್ಲಿ ಮಿದುಳು ಬಾತುಕೊಂಡು ತಲೆ ಸಿಡಿದರೆ ಕೊಡುವ ಗುಳಿಗೆಗಳಲ್ಲಿ ಒಂದು ಸ್ಟಿರಾಯ್ಡೇ ಅಂತೆ. ಅದು ಕೊಡುವವರ ತಪ್ಪಲ್ಲ, ಅದು ಜೀವ ಉಳಿಸುವ ಗುಳಿಗೆ. ಆದರೆ ಹೊಟ್ಟೆಯಲ್ಲಿ ಈ ಹುಳ ಇದ್ದವರಿಗೆ ಅದೇ ಮೃತ್ಯು, ಕೆಲವರಿಗೆ ಕೆಲವೇ ದಿನ ಸಾಕು. ನೀವು ತಿಂದದ್ದು ಅದೇ ಎಂದು ಗೊತ್ತಿಲ್ಲ. ಬೇರೆಯದೂ ಇರಬಹುದು. ಹಾಗೆಂದು ನೀವೇ ನಿರ್ಧಾರ ಮಾಡಿ ಗುಳಿಗೆ ತಟ್ಟನೆ ಬಿಡಲೂಬೇಡಿ, ಅದೂ ಅಪಾಯವಂತೆ. ನೀವು ಮಾಡಬೇಕಾದದ್ದು ಒಂದೇ: ನಿಮ್ಮ ಡಾಕ್ಟರ್ ಮುಂದೆ ನಿಂತು ಅಂಗಿ ಎತ್ತಿ, ಸೊಂಟ ತೋರಿಸಿ, ಇಲ್ಲಿ ಮಳೆಗಾಲಕ್ಕೊಮ್ಮೆ ಓಡುವ ಕೆಂಪು ಗೆರೆ ಏಳುತ್ತದೆ ಎಂದು ಹೇಳುವುದು. ಗೆರೆ ಈಗ ಕಾಣದಿದ್ದರೂ ಹೇಳುವುದು. ಈ ಪತ್ರದ ಒಳಗೆ ನೀತಾ ಡಾಕ್ಟರ್ ಇಂಗ್ಲಿಷಿನಲ್ಲಿ ಬರೆದ ಚೀಟಿ ಇದೆ, ಜೊತೆಗೆ ನಾನು ಬರೆದ ಎರಡು ಪುಟ. ಅದನ್ನು ಅವರ ಕೈಗೆ ಕೊಡಿ. ಅಪ್ಪ ಕೊಟ್ಟ ಶಾಲೆಯ ಫೀಸು ಇಷ್ಟಕ್ಕಾದರೂ ಬರಲಿ.

ನನಗೆ ಗೊತ್ತು, ನೀವು ನಾಚುತ್ತೀರಿ. ಸರ್ಪಸುತ್ತಿಗೆಲ್ಲ ಫೌಜಿ ಡಾಕ್ಟರ್ ಹತ್ತಿರ ಹೋಗುವುದೇ ಎನ್ನುತ್ತೀರಿ. ಈ ಮನೆಯಲ್ಲಿ ಅದಕ್ಕೆ ಸರ್ಪಸುತ್ತು ಎಂದೇ ಹೆಸರು. ಮಾವನಿಗೂ ಬರುತ್ತಿತ್ತು, ನಿಮಗೂ ಬರುತ್ತಿತ್ತು. ನಾಗರ ಹಾವಿನ ಸಿಟ್ಟು ಅಪ್ಪನಿಂದ ಮಗನಿಗೆ ಬಂತೆಂದು ಊರಿನ ಮಂತ್ರ ಹಾಕುವ ಅಜ್ಜನ ಕೈಯಿಂದ ಕೋಳಿಪುಕ್ಕದಲ್ಲಿ ಕೆಮ್ಮಣ್ಣಿನ ಗೆರೆ ಎಳೆಸಿ, ಹಾವಿನ ಬಾಯಿ ಬಾಲ ಕೂಡದಂತೆ ಕಟ್ಟು ಹಾಕಿಸುತ್ತಿದ್ದರು. ಬೆಳಗಾಗುವುದರೊಳಗೆ ಗೆರೆ ತಾನಾಗಿ ಮಾಯವಾಗುತ್ತಿತ್ತು, ಕೆಮ್ಮಣ್ಣಿಗೆ ಹೆಸರು ಬರುತ್ತಿತ್ತು. ಆಮೇಲೆ ಹರಕೆ ತೀರಿಸಲು ಅಪ್ಪ ಮಗ ಇಬ್ಬರೂ ಭೀಮೆಯಲ್ಲಿ ಮುಳುಗಿ, ಒದ್ದೆ ಬಟ್ಟೆಯಲ್ಲಿ, ಬರಿಗಾಲಲ್ಲಿ, ಅದೇ ಹೊಳೆದಂಡೆಯ ಕೆಸರು ತುಳಿದುಕೊಂಡು ಭಾಗ್ಯವಂತಿಯ ಗುಡಿಗೆ. ಆ ದೇವಿ ತಾಯಿಯ ತಪ್ಪು ಏನಿದೆ ಹೇಳಿ? ವಾಸಿಯಾಗಲೆಂದು ನಡೆದ ದಾರಿಯಲ್ಲೇ ಮತ್ತೆ ಅದನ್ನು ಕಾಲಿಗೆ ಹತ್ತಿಸಿಕೊಂಡು ಬಂದಿರಿ. ಹೊಲದ ಬದುವಿನ ಮೇಲೆ ಚಪ್ಪಲಿ ಬಿಟ್ಟು ಇಳಿಯುವ ಮಾವನ ನೇಮವೂ ಹಾಗೆಯೇ. ನಾನು ಬಂದ ಹೊಸದರಲ್ಲಿ ಶೂ ಹಾಕಿಕೊಂಡೇ ಹೊಲಕ್ಕೆ ಇಳಿದಾಗ ಎಷ್ಟು ಮೆತ್ತಗೆ ಹೇಳಿದ್ದರು, "ಯವ್ವಾ, ಅವ್ವನ ಎದಿ ಮ್ಯಾಲ ಕಾಲ್ಮರಿ ಹಾಕ್ಕೊಂಡು ನಡೀತಾರೇನು?" ನನಗೆ ಆ ಮಾತು ಎಷ್ಟು ಇಷ್ಟವಾಯಿತೆಂದರೆ ಜೇವರ್ಗಿಗೆ ಫೋನು ಮಾಡಿ ನಮ್ಮ ಅವ್ವನಿಗೂ ಹೇಳಿದ್ದೆ.

ಸೋಮವಾರದಿಂದ ನಿಮ್ಮ ನಂಬರಿಗೆ ಪ್ರಯತ್ನಿಸುತ್ತಲೇ ಇದ್ದೇನೆ, ಹತ್ತುವುದಿಲ್ಲ. ದಳದ ಕಚೇರಿಗೆ ಮಾಡಿದೆ. ಒಬ್ಬರು ಹಿರಿಯರು ಹಿಂದಿಯಲ್ಲಿ ಮಾತಾಡಿದರು, ಪಾಪ ಒಳ್ಳೆಯವರು. "ಮಗಳೇ, ಫೌಜಿಯ ಹೊಟ್ಟೆಯಲ್ಲಿ ಕಲ್ಲೇ ಕರಗುತ್ತದೆ, ಹುಳ ಯಾವ ಲೆಕ್ಕ! ಬರೆದುಕೊಂಡಿದ್ದೇನೆ, ತಿಳಿಸುತ್ತೇವೆ, ಮೇಲೆ ಹವೆ ಕೆಟ್ಟಿದೆ" ಎಂದರು. ಏನು ಬರೆದುಕೊಂಡರೋ. ಹೊಸ ಹೆಂಡತಿಯ ಹುಚ್ಚು ಎಂದು ಬರೆದುಕೊಂಡರೋ. ಅತ್ತಿಯ ರಕ್ತ ಪರೀಕ್ಷೆಯಾಯಿತು, ಅವರಲ್ಲೂ ಹುಳ ಇತ್ತು. ಅವರು ಪುಡಿ ತಿಂದವರಲ್ಲ, ಗುಳಿಗೆ ನುಂಗಿ ಮುಗಿಸಿದರು. ನೋಡಿ, ಅಷ್ಟೇ ಸಣ್ಣ ಕೆಲಸ. ನಿಮಗೂ ಅಷ್ಟೇ ಆಗಲಿ ಎಂದು ಕೂತಲ್ಲಿ ನಿಂತಲ್ಲಿ ಬೇಡಿಕೊಳ್ಳುತ್ತೇನೆ.

ಅತ್ತಿ ನಿಮಗೆ ಆಶೀರ್ವಾದ ಹೇಳಿದ್ದಾರೆ, ತಲೆಗೆ ಎಣ್ಣೆ ಹಚ್ಚಿಕೊಳ್ಳಬೇಕಂತೆ. ಆಳಂದದ ಸೋದರತ್ತಿ ನೆಟಿಗೆ ಮುರಿದು ದೃಷ್ಟಿ ತೆಗೆದಿದ್ದಾರೆ. ಲಾಲಸಾಬ ಕಾಕಾ ದುವಾ ಹೇಳಿದ್ದಾರೆ. ಬಸವಣ್ಣ ನಿಮ್ಮನ್ನು ಬೆಚ್ಚಗೆ ಇಟ್ಟಿರಲಿ. ಕೊರಳಿನ ಲಿಂಗ ಅಂಗಿಯ ಒಳಗೇ ಇರಲಿ, ಹೊರಗೆ ತಣ್ಣಗಾದೀತು.

ಖಾಲಿ ಜಾಗಗಳಲ್ಲೆಲ್ಲ ತುಂಬಿಕೊಂಡಿರುವ,
ನಿಮ್ಮ ಜ್ಯೋತಿ
(ಭಾಗ್ಯಜ್ಯೋತಿ ಸಿದ್ದಲಿಂಗ, ಎಷ್ಟು ಚೆಂದ ಕಾಣುತ್ತದೆ ನೋಡಿ)

ತಾ. ಕ.: ಮೇಲಿನದೆಲ್ಲ ಅತ್ತಿಗೆ ಓದಿ ಹೇಳಿದೆ. "ಛಲೋ ಬರ್ದಿ" ಎಂದು ಮುಖ ತೊಳೆಯಲು ಎದ್ದು ಹೋದರು. ಲಾಲಸಾಬ ಕಾಕಾ ಗಾಡಿ ಚಾಲೂ ಮಾಡಿ ನಿಂತಿದ್ದಾರೆ. ಇದು ಓದಿ ಹೇಳದ ಮಾತು. ರೀ, ಮಾವ ಇಲ್ಲ. ಮಂಗಳವಾರ ನಸುಕಿನಲ್ಲಿ ಹೋದರು. ಎತ್ತಿನ ಸೂಜಿಯೂ ಹಿಡಿಯಲಿಲ್ಲ. "ಹ್ಯಾಂಗೂ ಅವ್ನಿಗಿ ಬರಾಕ ದಾರಿ ಇಲ್ಲ. ಆ ಹಿಮದಾಗ ಒಬ್ನೇ ಕುಂತು ಅತ್ರ ಯಾರು ಕಣ್ಣು ಒರಸ್ತಾರ? ಇಳಿದು ಬಂದ ಮ್ಯಾಲ ಹೇಳಮು" ಎಂದು ಅತ್ತಿ ಎಲ್ಲರಿಂದಲೂ ಆಣೆ ತೆಗೆದುಕೊಂಡಿದ್ದಾರೆ, ನನ್ನಿಂದಲೂ. ಮುರಿಯುತ್ತಿದ್ದೇನೆ. "ಈಗ ಪರವಾಗಿಲ್ಲ" ಎಂದಷ್ಟೇ ಓದಿದರೆ ನೀವು ನಗುತ್ತೀರಿ, ಚೀಟಿಯನ್ನು ಜೇಬಿನಲ್ಲಿ ಇಟ್ಟುಕೊಳ್ಳುತ್ತೀರಿ, ಯಾರಿಗೂ ತೋರಿಸುವುದಿಲ್ಲ. ಕೆಮ್ಮು ಶುರುವಾದ ಮೇಲೆ ಇನ್ನೂ ಹೊತ್ತು ಇದೆಯೇ ಎಂದು ನೀತಾ ಡಾಕ್ಟರನ್ನು ಕೇಳಿದೆ. ಅವರು ಚೀಟಿ ಬರೆಯಲು ಕೂತರು. ಇದು ನಿಮ್ಮ ಕೈಗೆ ಯಾವಾಗ ಬರುತ್ತದೋ, ಬಂದಾಗ ಓದುವ ಸ್ಥಿತಿಯಲ್ಲಿ ಇರುತ್ತೀರೋ, ನನಗೆ ಗೊತ್ತಿಲ್ಲ. ಮಾವನನ್ನು ನಮ್ಮ ಹೊಳೆದಂಡೆಯ ಹೊಲದಲ್ಲೇ ಕುಣಿ ತೋಡಿ ಕೂಡಿಸಿದೆವು, ಅವರು ಕೇಳಿಕೊಂಡಂತೆ. ಕಬ್ಬಿಗೆ ನೀರು ಬಿಟ್ಟಿದ್ದರು, ನೆಲ ಪಾದ ಹುಗಿಯುವಷ್ಟು ಹಸಿ. ಊರಿಗೆ ಊರೇ ಬದುವಿನ ಮೇಲೆ ಚಪ್ಪಲಿ ಬಿಟ್ಟು ಇಳಿಯಿತು, ಸಣ್ಣ ಮಕ್ಕಳೂ ಕೂಡ. "ಬ್ಯಾಡ್ರಿ, ಹಾಕ್ಕೋರಿ, ಚಪ್ಲಿ ಹಾಕ್ಕೋರಿ" ಎಂದು ನಾನು ಕೂಗಿದೆ. "ಸೊಸಿಗಿ ದುಃಖ ತಲಿಗೇರ್ಯದ, ಹಿಡ್ಕೋರಿ" ಎಂದು ಸೋದರತ್ತಿ ನನ್ನ ರಟ್ಟೆ ಹಿಡಿದರು. ಎಲ್ಲರೂ ನನ್ನ ಕಾಲನ್ನೇ ನೋಡುತ್ತಿದ್ದರು. ಮಾವ ಕೊನೆಯ ಸಲ ಬಿಟ್ಟುಹೋದ ಚಪ್ಪಲಿ ಇನ್ನೂ ಅಲ್ಲೇ ಜಾಲಿಯ ಕೆಳಗೆ ಇತ್ತು. ಅದರ ಪಕ್ಕದಲ್ಲಿ ನನ್ನವನ್ನೂ ಬಿಟ್ಟು ಇಳಿದೆ. ಎಲ್ಲ ತಿಳಿದ ನಾನೇ ನಾಲ್ಕು ಜನರಿಗೆ ನಾಚಿ ಬರಿಗಾಲಲ್ಲಿ ನಡೆದೆ, ನೀವು ನಾಚಬೇಡಿ. ಕಾಕಾ ಹಾರ್ನು ಹೊಡೆಯುತ್ತಿದ್ದಾರೆ. ಸೊಂಟ ತೋರಿಸಿ ರೀ.